ರಕ್ತ ರುಬ್ಬುವ ಮಿಷನ್ನು

ನಾನೊಂದು ಸೆಂಟ್ರಿಫ್ಯೂಜ್. ಹೆಸರು ಕೇಳಿ ಗಾಬರಿಯಾಗಬೇಡಿ, ನನ್ನ ಕೆಲಸ ಬಹಳ ಸರಳವಾದದ್ದು. ನನ್ನ ಹೊಟ್ಟೆಯೊಳಗೆ ರಕ್ತದ ಟ್ಯೂಬುಗಳನ್ನಿಟ್ಟು, ಮುಚ್ಚಳ ಹಾಕಿ, ಗುಂಡಿ ತಿರುಗಿಸಿದರೆ ನಾನು ಗಿರ್ರನೆ ಸುತ್ತುತ್ತೇನೆ. ಸಾರನ್ನು ಕದಡದೆ ಬಿಟ್ಟರೆ ಮೇಲೆ ತಿಳಿ ನಿಲ್ಲುತ್ತದಲ್ಲ, ಹಾಗೆ ರಕ್ತದ ಗಟ್ಟಿಯನ್ನೆಲ್ಲ ಕೆಳಗೆ ಕೂರಿಸಿ ಮೇಲೆ ಹೊಂಬಣ್ಣದ ತಿಳಿಯನ್ನು ನಿಲ್ಲಿಸಿಕೊಡುತ್ತೇನೆ. ಸಾರಿಗೆ ಒಂದು ಗಂಟೆ ಬೇಕು, ನನಗೆ ಹತ್ತು ನಿಮಿಷ ಸಾಕು. ನನಗೆ ಸ್ವಲ್ಪ ಜಂಬ ಜಾಸ್ತಿ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಹುಟ್ಟಿದ್ದು ದೂರದ ಅಂಬಾಲಾದಲ್ಲಿ, ತಗಡಿನ ಸೂರಿನ ಒಂದು ಕಾರ್ಖಾನೆಯಲ್ಲಿ. ಮೈಗೆ ತಿಳಿನೀಲಿ ಬಣ್ಣ ಬಳಿದರು, ಒಳಗೆ ಮೋಟಾರು ಕೂರಿಸಿದರು, ಎಂಟು ಟ್ಯೂಬು ಹಿಡಿಯುವ ಚಕ್ರವನ್ನು ಅದರ ಮೇಲೆ ಬಿಗಿದರು. ಮೊದಲ ಸಲ ಕರೆಂಟು ಕೊಟ್ಟಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಕುಣಿಯುತ್ತ ಮೇಜಿನ ಮೇಲೆ ಒಂದು ಗೇಣು ಮುಂದಕ್ಕೆ ಹೋಗಿಬಿಟ್ಟೆ. ತಪಾಸಣೆ ಮಾಡುತ್ತಿದ್ದವನು ಬೈದುಕೊಂಡು ನನ್ನ ನಾಲ್ಕು ಕಾಲಿಗೂ ರಬ್ಬರು ತೊಡಿಸಿದ. ಆಮೇಲೆ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕೂರಿಸಿ ಲಾರಿ ಹತ್ತಿಸಿದರು. ಒಂಬತ್ತು ದಿನ ಕುಲುಕಾಡಿ ಪೆಟ್ಟಿಗೆಯಿಂದ ಹೊರಬಂದಾಗ ಚಾಮರಾಜನಗರದಲ್ಲಿದ್ದೆ.

ನನ್ನನ್ನು ತರಿಸಿದವರು ಪರಶಿವಮೂರ್ತಿ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆಯ ಲ್ಯಾಬ್ ನಡೆಸುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಬೆಳಿಗ್ಗೆ ಬಂದವರೇ ನನ್ನ ಮುಚ್ಚಳವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಊದುಬತ್ತಿಯನ್ನು ದೇವರ ಪಟಕ್ಕೆ ಬೆಳಗಿ, ಹಾಗೇ ನನಗೂ ಒಂದು ಸುತ್ತು ಬೆಳಗುತ್ತಿದ್ದರು. ಅವರ ಕೈಯಲ್ಲಿ ಹನ್ನೊಂದು ವರ್ಷ ಸುತ್ತಿದೆ. ಕಣ್ಣು ಮಂಜಾಗತೊಡಗಿದ ಮೇಲೆ ಅವರು ಲ್ಯಾಬಿನ ಬಾಗಿಲು ಹಾಕಿ, ನನ್ನನ್ನು ಅದೇ ಊರಿನ ಒಂದು ಟ್ರಸ್ಟಿನ ಡಯಾಲಿಸಿಸ್ ಕೇಂದ್ರಕ್ಕೆ ಕೊಟ್ಟರು. ಕೊಡುವಾಗ ಅಲ್ಲಿನವರಿಗೆ, ಇದಕ್ಕೆ ಮೂಗಿನ ತುದಿಯಲ್ಲೇ ಕೋಪ, ಎದುರುಬದುರು ಟ್ಯೂಬುಗಳ ತೂಕ ಒಂದು ಚೂರು ಹೆಚ್ಚುಕಡಿಮೆಯಾದರೂ ದಡದಡ ಅನ್ನುತ್ತದೆ ಎಂದು ಹೇಳಿದರು. ಅಷ್ಟು ವರ್ಷ ಜೊತೆಗಿದ್ದು ಬೀಳ್ಕೊಡುವಾಗ ಹೇಳಿದ ಮಾತು ಅದು. ಸುಳ್ಳೇನೂ ಅಲ್ಲ.

ಡಯಾಲಿಸಿಸ್ ಕೇಂದ್ರದಲ್ಲಿ ಆರು ಮಂಚಗಳಿದ್ದವು. ಮೂತ್ರಪಿಂಡ ಕೆಲಸ ನಿಲ್ಲಿಸಿದವರು ವಾರಕ್ಕೆ ಮೂರು ದಿನ ಅಲ್ಲಿಗೆ ಬಂದು ನಾಲ್ಕು ನಾಲ್ಕು ಗಂಟೆ ಮಲಗುತ್ತಿದ್ದರು. ಮಂಚದ ಪಕ್ಕದ ಯಂತ್ರ ಅವರ ರಕ್ತವನ್ನು ಹೊರಗೆಳೆದು, ತೊಳೆದು, ಮತ್ತೆ ಒಳಕ್ಕೆ ಬಿಡುತ್ತಿತ್ತು. ಲ್ಯಾಬಿಗೂ ಆ ಹಾಲ್‌ಗೂ ನಡುವೆ ಒಂದು ಗಾಜಿನ ಕಿಟಕಿ. ನಾನು ಆ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತಿದ್ದೆ. ಮಾತೆಲ್ಲ ಕೇಳಿಸುತ್ತಿತ್ತು, ಆದರೆ ಕಾಣಿಸುತ್ತಿದ್ದದ್ದು ನಾಲ್ಕನೇ ಮಂಚದ ಕಾಲುತುದಿ ಮಾತ್ರ. ಅಲ್ಲಿ ಸದಾ ಒಂದು ಜೊತೆ ಹಸಿರು ಉಣ್ಣೆಯ ಕಾಲುಚೀಲ ಕಾಣುತ್ತಿತ್ತು. ಆ ಕಾಲುಚೀಲದೊಳಗಿನವರೇ ದುಂಡಮ್ಮ.

ದುಂಡಮ್ಮನವರು ಹತ್ತಿರದ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವರು. ಇನ್ನೂರು ಮಕ್ಕಳಿಗೆ ಸಾರು ಮಾಡಿದ ಕೈ. ನಾಲ್ಕು ವರ್ಷದಿಂದ ಮೂತ್ರಪಿಂಡ ಕೈಕೊಟ್ಟು ಮಂಚ ಹಿಡಿದಿದ್ದರೂ ಬಾಯಿ ಮಾತ್ರ ಅಡುಗೆಮನೆಯಲ್ಲೇ ಇತ್ತು. ಅಕ್ಕಪಕ್ಕದ ಮಂಚದವರಿಗೆ ಉಪ್ಪಿಲ್ಲದೆ ಹುರುಳಿಕಾಳನ್ನು ರುಚಿಯಾಗಿ ಬೇಯಿಸುವುದು ಹೇಗೆ ಅಂತ ಪಾಠ ಹೇಳುತ್ತಿದ್ದರು. ನನಗೆ ಹೆಸರಿಟ್ಟವರೂ ಅವರೇ. ಕಿಟಕಿಯಾಚೆಯಿಂದ ನನ್ನ ಸದ್ದು ಕೇಳಿ, ಅದ್ಯಾವುದವ್ವ ಅಲ್ಲಿ ರಕ್ತ ರುಬ್ಬೋ ಮಿಷನ್ನು ಅಂತ ಕೇಳಿದ್ದರು. ಅಂದಿನಿಂದ ಇಡೀ ಕೇಂದ್ರಕ್ಕೆ ನಾನು ರುಬ್ಬೋ ಮಿಷನ್ನೇ ಆದೆ. ಬೇರೆ ಯಾರಾದರೂ ಹಾಗಂದಿದ್ದರೆ ದಡದಡ ಅನ್ನುತ್ತಿದ್ದೆ.

ಅವರ ಗಂಡ ಗುರುಮಲ್ಲಪ್ಪ ಮೋಟಾರು ವೈಂಡಿಂಗ್ ಮಾಡುವವರು. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟಾರನ್ನು ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತಿಕೊಡುವ ಕಸುಬು. ಹೆಂಡತಿ ಒಳಗೆ ಮಲಗಿದ್ದ ನಾಲ್ಕು ಗಂಟೆಯೂ ಅವರು ಹೊರಗಿನ ಬೆಂಚಿನ ಮೇಲೆ ಕೈಕಟ್ಟಿ ಕೂತಿರುತ್ತಿದ್ದರು. ಒಮ್ಮೆ ಹಾಗೆ ಕೂತವರು ಎದ್ದು ಬಂದು ಲ್ಯಾಬಿನ ಬಾಗಿಲಲ್ಲಿ ನಿಂತು, ಸದ್ದು ಕೇಳಿದರೇ ಗೊತ್ತಾಗುತ್ತದೆ, ಆ ಮಿಷನ್ನಿನ ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ, ಹೀಗೇ ಬಿಟ್ಟರೆ ಸುಡುತ್ತದೆ ಎಂದರು. ನನಗೆ ಒಳಗೊಳಗೇ ಉಸಿರು ಕಟ್ಟುತ್ತಿದ್ದದ್ದು ಎರಡು ತಿಂಗಳಿಂದ ಯಾರಿಗೂ ಗೊತ್ತಾಗಿರಲಿಲ್ಲ. ಮುಂದಿನ ಸಲ ಬರುವಾಗ ಅವರು ಜೇಬಿನಲ್ಲಿ ಹೊಸ ಬ್ರಷ್ ತಂದು, ಹತ್ತೇ ನಿಮಿಷದಲ್ಲಿ ಹಾಕಿಕೊಟ್ಟರು. ಆವತ್ತಿನಿಂದ ನಾನು ಆ ಗಂಡಹೆಂಡಿರ ಪಕ್ಷ.

ಲ್ಯಾಬಿನಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದವಳು ಚಂದ್ರಕಲಾ. ಓದು ಮುಗಿಸಿ ಎರಡು ವರ್ಷವಾಗಿದ್ದ ಟೆಕ್ನಿಷಿಯನ್. ಅವಳು ರಕ್ತ ತೆಗೆದರೆ ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಅನ್ನುವುದು ಆರೂ ಮಂಚದವರ ಮಾತು. ನನ್ನ ಪಕ್ಕದಲ್ಲಿ ಬಿಳಿ ಮೈಯ ಇನ್ನೊಂದು ಯಂತ್ರವಿತ್ತು. ನಾನು ಬೇರ್ಪಡಿಸಿಕೊಟ್ಟ ತಿಳಿಯನ್ನು ಹೀರಿ ಅದು ಸಂಖ್ಯೆ ಹೇಳುತ್ತಿತ್ತು. ದುಡಿಯುವುದು ನಾನು, ಡಾಕ್ಟರು ಬಂದು ನೋಡುವುದು ಅದರ ಮುಖ. ಈ ಅಸೂಯೆ ನನಗೆ ಕೊನೆಯವರೆಗೂ ಹೋಗಲಿಲ್ಲ.

ಡಾಕ್ಟರ್ ನಿಸಾರ್ ಆ ಕೇಂದ್ರದ ವೈದ್ಯರು. ಒಂದು ಬೇಸಿಗೆಯಲ್ಲಿ ಅವರು ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮೂತ್ರಪಿಂಡ ಕಸಿಯ ವಿಷಯ ತೆಗೆದರು. ಗುರುಮಲ್ಲಪ್ಪನವರು ಯೋಚನೆಯನ್ನೂ ಮಾಡಲಿಲ್ಲ, ನನ್ನದೇ ಒಂದು ತೆಗೆದುಕೊಳ್ಳಿ ಅಂದುಬಿಟ್ಟರು. ಇಬ್ಬರದೂ ಒಂದೇ ಗುಂಪಿನ ರಕ್ತ. ಪರೀಕ್ಷೆಗೆಂದು ಚಂದ್ರಕಲಾ ಆವತ್ತು ಅವರಿಬ್ಬರ ಟ್ಯೂಬುಗಳನ್ನೂ ನನ್ನೊಳಗೆ ಎದುರುಬದುರಾಗಿ ಇಟ್ಟಳು. ಎರಡೂ ಸರಿಸಮ ತೂಗಿದವು. ಅಷ್ಟು ನುಣ್ಣಗೆ ನಾನು ಹಿಂದೆಂದೂ ಸುತ್ತಿರಲಿಲ್ಲ. ಎಲ್ಲ ಪರೀಕ್ಷೆಯೂ ಹೊಂದಿಕೆಯಾಗಿ, ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು.

ಆಗ ಅಡ್ಡ ಬಂದದ್ದು ಸಿಆರ್‌ಪಿ. ಮೈಯಲ್ಲಿ ಎಲ್ಲಾದರೂ ಗಾಯವೋ ಸೋಂಕೋ ಆಗಿ ಉರಿಯೂತ ಎದ್ದರೆ ಈ ಪದಾರ್ಥ ರಕ್ತದಲ್ಲಿ ಏರುತ್ತದೆ. ಆರೋಗ್ಯವಾಗಿರುವವರಲ್ಲಿ ಐದರ ಒಳಗಿರಬೇಕು. ಡಯಾಲಿಸಿಸ್‌ನವರಲ್ಲಿ ಅದು ಆಗಾಗ ಸ್ವಲ್ಪ ಮೇಲೇ ಇರುತ್ತದೆ. ಆದರೆ ದುಂಡಮ್ಮನವರದು ಮೊದಲು ಮೂವತ್ತೆಂಟು, ಆಮೇಲೆ ನಲವತ್ತೇಳು, ಅದರ ಮುಂದಿನ ಸಲ ಅರವತ್ತೊಂದು. ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ಏರಿತ್ತು, ಮೈಗೆ ಕಸುವು ಕೊಡುವ ಆಲ್ಬುಮಿನ್ ಇಳಿದಿತ್ತು, ಎಷ್ಟು ಇಂಜೆಕ್ಷನ್ ಕೊಟ್ಟರೂ ಹಿಮೋಗ್ಲೋಬಿನ್ ಜಪ್ಪಯ್ಯ ಅಂದರೂ ಮೇಲೇಳುತ್ತಿರಲಿಲ್ಲ. ಉರಿಯೂತದ ಮೂಲ ಸಿಗದೆ ಆಪರೇಷನ್ ಮಾಡುವ ಹಾಗಿಲ್ಲ ಎಂದು ಮೈಸೂರಿನವರು ದಿನವನ್ನು ಮುಂದೂಡಿದರು. ಒಂದೂವರೆ ತಿಂಗಳಲ್ಲಿ ಕಡಿಮೆಯಾಗದಿದ್ದರೆ ಮತ್ತೆ ಎಲ್ಲ ಪರೀಕ್ಷೆ ಮೊದಲಿಂದ ಅಂದರು.

ನಿಸಾರ್ ಡಾಕ್ಟರು ಹುಡುಕದ ಜಾಗವಿಲ್ಲ. ಸೂಜಿ ಹಾಕುವ ಕೈಯ ನರ ನೋಡಿದರು, ಎದೆಯ ಎಕ್ಸರೇ ತೆಗೆಸಿದರು, ಹಲ್ಲಿನ ಡಾಕ್ಟರ ಹತ್ತಿರ ಕಳಿಸಿದರು. ಎಲ್ಲ ಕಡೆಯೂ ಏನಿಲ್ಲ ಅನ್ನುವ ಉತ್ತರ. ಒಂದು ದಿನ ಅವರು ಲ್ಯಾಬಿಗೇ ಬಂದು ವರದಿಯನ್ನು ಕಟ್ಟೆಯ ಮೇಲಿಟ್ಟು, "ಮನೆ ತುಂಬ ಸೀದ ವಾಸನೆ ಬರ್ತಿದೆ ಚಂದ್ರಕಲಾ, ಯಾವ ಒಲೆ ಮೇಲೆ ಸೀಯ್ತಿದೆ ಅಂತ ಗೊತ್ತಾಗ್ತಿಲ್ಲ" ಅಂದರು. ಕಾಲು ತೋರಿಸಿ ಅಂತಲೂ ಅವರು ದುಂಡಮ್ಮನವರನ್ನು ಕೇಳಿದ್ದುಂಟು. ಕೇಳಿದ ಕೂಡಲೆ ದುಂಡಮ್ಮನವರು ಮಂಡಿ ಮಡಚಿ ಕಾಲನ್ನು ಹೊದಿಕೆಯೊಳಗೆ ಎಳೆದುಕೊಂಡು, ನೀವು ನನ್ನ ಪ್ರಾಣ ಉಳಿಸುವ ಡಾಕ್ಟರು, ನಿಮ್ಮ ಕೈಯಲ್ಲಿ ಕಾಲು ಮುಟ್ಟಿಸಿಕೊಂಡರೆ ನನಗೆ ಒಳ್ಳೆಯದಾಗುತ್ತದಾ ಅಂದಿದ್ದರು. ಕಾಲಿಗೇನೂ ಆಗಿಲ್ಲ, ಬರೀ ಚಳಿ ಅಂತಲೂ ಸೇರಿಸಿದ್ದರು. ಡಾಕ್ಟರು ನಕ್ಕು ಮುಂದಿನ ಮಂಚಕ್ಕೆ ಹೋದರು. ಆ ಹಸಿರು ಕಾಲುಚೀಲವನ್ನು ದಿನಾ ನೋಡುತ್ತಿದ್ದ ನನಗೂ ಏನೂ ಹೊಳೆಯಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಚಂದ್ರಕಲಾಳ ಮದುವೆ ಗೊತ್ತಾಯಿತು. ಅವಳು ಲಗ್ನಪತ್ರಿಕೆಗಳನ್ನು ತಟ್ಟೆಯಲ್ಲಿಟ್ಟುಕೊಂಡು, ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮಂಚದಿಂದ ಮಂಚಕ್ಕೆ ಹೋದಳು. ಹಿರಿಯರಿಗೆಲ್ಲ ಪತ್ರಿಕೆ ಕೊಟ್ಟು ಕಾಲಿಗೆ ನಮಸ್ಕಾರ ಮಾಡುತ್ತ ಬಂದಳು. ನಾಲ್ಕನೇ ಮಂಚದ ಹತ್ತಿರ ಬಂದಾಗ ದುಂಡಮ್ಮನವರು ಬಾಯಿ ತುಂಬ ಹರಸಿದರು, ಕಾಲು ಮಾತ್ರ ಕೊಡಲಿಲ್ಲ. ಒಂದು ಕೈಗೆ ಡಯಾಲಿಸಿಸ್ ಸೂಜಿ ಚುಚ್ಚಿದ್ದರಿಂದ ದೂರ ಸರಿಯಲೂ ಆಗಲಿಲ್ಲ. ಚಂದ್ರಕಲಾ ಬಿಡುವವಳಲ್ಲ, ನಿಮ್ಮ ಆಶೀರ್ವಾದವಿಲ್ಲದೆ ಹಸೆಮಣೆ ಏರುವುದಿಲ್ಲ ಅಂತ ಎರಡು ಪಾದವನ್ನೂ ಗಟ್ಟಿಯಾಗಿ ಹಿಡಿದು ಹಣೆ ಹಚ್ಚಿದಳು.

ಹಚ್ಚಿದ ಹಣೆ ಮೇಲೇಳಲಿಲ್ಲ. ನನಗೆ ಕಾಣುವುದು ಆ ಕಾಲುತುದಿ ಒಂದೇ ಆದ್ದರಿಂದ ನಾನು ಎಲ್ಲವನ್ನೂ ನೋಡಿದೆ. ಎಡಗಾಲು ತಣ್ಣಗಿತ್ತು, ಬಲಗಾಲು ಕಾಲುಚೀಲದ ಮೇಲಿಂದಲೇ ಸುಡುತ್ತಿತ್ತು ಅಂತ ಅವಳು ಆಮೇಲೆ ಹೇಳಿದಳು. ಬೆರಳನ್ನು ಮೆಲ್ಲಗೆ ಒತ್ತಿ, ನೋವಾಗುತ್ತದಾ ಅಂತ ಕೇಳಿದಳು. ಎಲ್ಲಿ ಒತ್ತಿದೆ ಅಂತ ದುಂಡಮ್ಮನವರು ತಿರುಗಿ ಕೇಳಿದರು. ಮೂತ್ರಪಿಂಡದ ಕಾಯಿಲೆ ಅವರ ಪಾದದ ಸ್ಪರ್ಶವನ್ನು ಯಾವಾಗಲೋ ಮಂಕು ಮಾಡಿತ್ತು. ಚಂದ್ರಕಲಾ ಕೇಳದೆಯೇ ಕಾಲುಚೀಲವನ್ನು ಎಳೆದಳು.

ಬಲಗಾಲಿನ ಎರಡನೇ ಬೆರಳಿಗಿದ್ದ ಬೆಳ್ಳಿಯ ಕಾಲುಂಗುರ ಬಾತ ಮಾಂಸದೊಳಗೆ ಹೂತುಹೋಗಿತ್ತು. ಅದರ ಕೆಳಗೆ ಹಸಿ ಗಾಯ, ಗಾಯದ ತುಂಬ ಮೆತ್ತಿದ ಅರಿಶಿನ. ಅರಿಶಿನ ಹಚ್ಚಿಕೊಂಡವರು ಅವರೇ. ದುಂಡಮ್ಮನವರಿಗೆ ಗಾಯ ಗೊತ್ತಿತ್ತು, ಮೂರು ತಿಂಗಳಿಂದ ಬಚ್ಚಿಟ್ಟಿದ್ದರು.

ಡಾಕ್ಟರು ಓಡಿಬಂದರು. ಬೈಯಲಿಲ್ಲ. ಕಾಲುಂಗುರವನ್ನು ಕತ್ತರಿಸಿ ತೆಗೆಯಬೇಕು, ಗಾಯ ತೊಳೆಯಬೇಕು, ಅರವತ್ತೊಂದರ ಮೂಲ ಇದೇ ಇರಬೇಕು ಅಂದರು. ದುಂಡಮ್ಮನವರು ಆಗ ಅತ್ತರು. ನಾಲ್ಕು ವರ್ಷದಲ್ಲಿ ಅವರ ಅಳುವನ್ನು ನಾನು ಕೇಳಿದ್ದು ಅದೊಂದೇ ಸಲ.

"ನಂಗ ಕಿಡ್ನಿ ಕೊಡಕ ಅಂತ ಅವ್ರು ಹೊಟ್ಟ ಕುಯ್ಸ್ಕಂಡು ಮಲಗೋರು" ಅಂದರು. "ಅಂತಾ ಹೊತ್ನಲ್ಲಿ ಅವ್ರು ತೊಡ್ಸಿದ್ ಕಾಲುಂಗ್ರನ ಕಾಲಿಂದ ತಗೀಲಾ ಡಾಕ್ಟ್ರೇ? ಅವ್ರಿಗೇನಾರ ಆದ್ರ?"

ಆಪರೇಷನ್ ತಪ್ಪದಿರಲಿ, ಗಂಡನಿಗೆ ಕೇಡಾಗದಿರಲಿ ಅಂತ ಬಚ್ಚಿಟ್ಟ ಗಾಯವೇ ಆಪರೇಷನ್ನನ್ನು ತಡೆದು ನಿಲ್ಲಿಸಿತ್ತು.  ಪಕ್ಕದ ಮಂಚದ ಹೆಂಗಸರಂತೂ ದುಂಡಮ್ಮ ಹೇಳಿದ್ದು ಸರಿಯಾಗೇ ಇದೆ ಅಂದರು. ಡಾಕ್ಟರು ಹೊರಗಿನ ಬೆಂಚಿನಿಂದ ಗುರುಮಲ್ಲಪ್ಪನವರನ್ನು ಕರೆಸಿದರು.

ಅವರು ಬಂದು ಮಂಚದ ತುದಿಯಲ್ಲಿ ಕೂತು, ಆ ಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಸುಟ್ಟ ಮೋಟಾರನ್ನು ನೋಡುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಹೆಂಡತಿ ಕಾಲು ಎಳೆದುಕೊಳ್ಳಲು ನೋಡಿದರೆ ಬಿಡಲಿಲ್ಲ.

"ಅಲ್ಲ ಕಣಮ್ಮಿ, ನಾನು ಬದುಕಿರದು ಈ ಬೆಳ್ಳಿಯಿಂದ ಅಂದ್ಕಂಡಿದ್ಯಾ?" ಅಂದರು. "ಕಾಲುಂಗ್ರ ಉಳ್ಕಂಡು ನೀನೇ ಹೋದ್ರ, ನಾನು ಅದ್ನ ಕೈಲಿ ಹಿಡ್ಕಂಡು ಏನ್ ಮಾಡ್ಲಿ? ತೊಡ್ಸಿದೋನು ನಾನು. ನಾನೇ ತಗೀತಿನಿ. ನಾನು ತಗುದ್ರ ಯಾವ್ ದೋಸನೂ ಇಲ್ಲ."

 ದುಂಡಮ್ಮನವರ ಪಾದ ಸಡಿಲವಾಯಿತು, ಅದು ನನಗೂ ಕಂಡಿತು. ಡಯಾಲಿಸಿಸ್ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಔಷಧ ಕೊಟ್ಟಿರುತ್ತಾರಾದ್ದರಿಂದ ಅದರ ಪ್ರಭಾವ ಇಳಿಯುವವರೆಗೆ ಕಾಯಿರಿ ಅಂದರು ಡಾಕ್ಟರು. ಅಷ್ಟರಲ್ಲಿ ಗುರುಮಲ್ಲಪ್ಪನವರು ಅಂಗಡಿಗೆ ಹೋಗಿ ತಾಮ್ರದ ತಂತಿ ಕತ್ತರಿಸುವ ತಮ್ಮ ಸಣ್ಣ ಕಟಿಂಗ್ ಪ್ಲೇಯರ್ ತಂದರು. ಚಂದ್ರಕಲಾ ಅದನ್ನು ಕುದಿಸಿಕೊಟ್ಟಳು. ಇಪ್ಪತ್ತೇಳು ವರ್ಷದ ಕಾಲುಂಗುರ ಎರಡು ಕಡೆ ಕತ್ತರಿಸಿಕೊಂಡು ಸ್ಟೀಲಿನ ಬಟ್ಟಲಲ್ಲಿ ಟಣ್ ಅಂತ ಬಿತ್ತು.  

ಅಲ್ಲಿಂದ ಶುರುವಾಯಿತು ನೋಡಿ ನನ್ನ ಬದುಕಿನ ಅತ್ಯಂತ ಒಳ್ಳೆಯ ಕಾಲ. ಗಾಯವನ್ನು ದಿನ ಬಿಟ್ಟು ದಿನ ತೊಳೆದು ಕಟ್ಟಿದರು, ಔಷಧ ನಡೆಯಿತು. ವಾರಕ್ಕೊಮ್ಮೆ ದುಂಡಮ್ಮನವರ ಟ್ಯೂಬು ನನ್ನೊಳಗೆ ಬರುತ್ತಿತ್ತು. ನಾನು ಸುತ್ತಿ ತಿಳಿ ಮಾಡಿ ಕೊಡುವುದು, ಬಿಳಿ ಯಂತ್ರ ಹೀರುವುದು, ಎಲ್ಲರೂ ಅದರ ಮುಖವನ್ನೇ ನೋಡುತ್ತ ನಿಲ್ಲುವುದು. ಮೊದಲ ವಾರ ನಲವತ್ತು. ಮುಂದಿನ ವಾರ ಇಪ್ಪತ್ತೆರಡು. ಹನ್ನೊಂದು ಬಂದ ದಿನ ಡಾಕ್ಟರು ಕಿಟಕಿಯ ಗಾಜಿಗೆ ಹನ್ನೊಂದು ಬೆರಳು ತೋರಿಸಲು ಹೋಗಿ, ಹತ್ತೇ ಇರುವುದು ನೆನಪಾಗಿ ಆಯಾಳ ಒಂದು ಬೆರಳನ್ನೂ ಎತ್ತಿ ಹಿಡಿದರು. ಚಂದ್ರಕಲಾ ಮದುವೆ ಮುಗಿಸಿ, ಕೈಯ ಮೆಹಂದಿ ಮಾಸುವ ಮೊದಲೇ ಕೆಲಸಕ್ಕೆ ಬಂದು ಮಾಡಿದ ಮೊದಲ ಪರೀಕ್ಷೆ ದುಂಡಮ್ಮನವರದೇ. ಸಿಆರ್‌ಪಿ ನಾಲ್ಕು. ಅವಳು ವರದಿ ಅಚ್ಚಾಗುವವರೆಗೂ ಕಾಯದೆ ಹಾಲ್‌ಗೆ ಓಡಿದಳು. ನನ್ನ ಮುಚ್ಚಳ ತೆರೆದೇ ಇತ್ತು.

ಮೈಸೂರಿನವರು ಹೊಸ ದಿನ ಕೊಟ್ಟರು. ನಾಲ್ಕನೇ ಮಂಚ ಖಾಲಿಯಾಯಿತು, ಹಸಿರು ಕಾಲುಚೀಲ ಮಾಯವಾಯಿತು. ಅದೇ ತಿಂಗಳು ನನ್ನ ಜಾಗಕ್ಕೂ ಹೊಸಬ ಬಂದ. ಇಪ್ಪತ್ತನಾಲ್ಕು ಟ್ಯೂಬು ಹಿಡಿಯುವ, ಸದ್ದೇ ಮಾಡದ, ಗುಂಡಿಯ ಬದಲು ಗಾಜಿನ ಮೇಲೆ ಬೆರಳಿಟ್ಟರೆ ಸುತ್ತುವ ಯಂತ್ರ. ನನ್ನನ್ನು ಲ್ಯಾಬಿನ ಹಿಂದಿನ ಕೋಣೆಗೆ, ಹಳೆಯ ಸ್ಟೂಲಿನ ಪಕ್ಕಕ್ಕೆ ಸಾಗಿಸಿದರು. ಕೆಲಸ ಹೋದದ್ದಕ್ಕೆ ಬೇಜಾರಾಗಲಿಲ್ಲ ಅಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚು ಸಂಕಟವಾದದ್ದು ಸುದ್ದಿ ಸಿಗದೆ. ಆ ಕೋಣೆಗೆ ಹಾಲ್‌ನ ಮಾತು ಕೇಳಿಸುತ್ತಿರಲಿಲ್ಲ. ಆಪರೇಷನ್ ಆಯಿತೇ? ಗಂಡನ ಮೂತ್ರಪಿಂಡವನ್ನು ಹೆಂಡತಿಯ ಮೈ ಒಪ್ಪಿಕೊಂಡಿತೇ? ನನ್ನ ಮೇಲೆ ದೂಳು ಕೂತಿತು. ಎಷ್ಟು ದಿನ ಹಾಗೇ ಇದ್ದೆನೋ ಗೊತ್ತಿಲ್ಲ.

ಒಂದು ಬೆಳಿಗ್ಗೆ ಚಂದ್ರಕಲಾ ಒಳಗೆ ಬಂದು ನನ್ನ ದೂಳು ಒರೆಸಿದಳು. ಹೊಸ ಯಂತ್ರ ಕೆಟ್ಟು ಕೂತು, ಅದನ್ನು ಸರಿಮಾಡುವವನು ಬೆಂಗಳೂರಿನಿಂದ ಬರಬೇಕಾಗಿತ್ತು. ನಾನು ನಗಲಿಲ್ಲ ಅಂತ ಹೇಳಲಾರೆ. ಅವಳು ನನ್ನನ್ನು ಎತ್ತಿ ತಂದು ಕಟ್ಟೆಯ ಮೇಲಿಟ್ಟು ಕರೆಂಟು ಕೊಟ್ಟಳು. ಬಾಗಿಲಲ್ಲಿ ಯಾರೋ ನಿಂತಿದ್ದರು.

ಮುಖಕ್ಕೆ ಮಾಸ್ಕ್ ಹಾಕಿದ, ಹೊಸ ಸೀರೆಯ ಹೆಂಗಸು. ನನಗೆ ಗುರುತು ಸಿಗಲಿಲ್ಲ, ಸಿಗುವುದಾದರೂ ಹೇಗೆ? ನಾಲ್ಕು ವರ್ಷವೂ ನಾನು ನೋಡಿದ್ದು ಕಾಲನ್ನು, ಸುತ್ತಿದ್ದು ರಕ್ತವನ್ನು. ಅವರ ಹಿಂದೆ ನಾಚಿಕೆಯಿಂದ ತಲೆ ತಗ್ಗಿಸಿ ನಿಂತಿದ್ದ ಗುರುಮಲ್ಲಪ್ಪನವರನ್ನು ಕಂಡಾಗಲೇ ನನಗೆ ತಿಳಿದದ್ದು. ದುಂಡಮ್ಮನವರು ಎರಡೂ ಕೈಯಲ್ಲಿ ಏನನ್ನೋ ತುಳುಕದಂತೆ ಹಿಡಿದುಕೊಂಡು, ದೇವಸ್ಥಾನದಿಂದ ತೀರ್ಥ ತರುವವರ ಹಾಗೆ ಹೆಜ್ಜೆ ಹೆಜ್ಜೆಗೂ ಅದನ್ನೇ ನೋಡುತ್ತ ಒಳಗೆ ಬಂದರು.

ಅದು ಮೂತ್ರದ ಡಬ್ಬಿ. ಡಯಾಲಿಸಿಸ್‌ಗೆ ಮಲಗುವವರಲ್ಲಿ ಬಹಳ ಮಂದಿಗೆ ಮೂತ್ರವೇ ಬರುವುದಿಲ್ಲ. ದುಂಡಮ್ಮನವರಿಗೂ ಬರುತ್ತಿರಲಿಲ್ಲ. ನಾಲ್ಕು ವರ್ಷ ಅವರ ಮೈಯಿಂದ ರಕ್ತವೊಂದೇ ನನ್ನ ಹತ್ತಿರ ಬಂದದ್ದು. ಈಗ ಗಂಡ ಕೊಟ್ಟ ಮೂತ್ರಪಿಂಡ ಕೆಲಸ ಮಾಡುತ್ತಿತ್ತು, ಅದರ ಸಾಕ್ಷಿಯನ್ನು ಅವರು ಮುಚ್ಚಳದವರೆಗೂ ತುಂಬಿಸಿಕೊಂಡು ತಂದಿದ್ದರು. ಬರುವ ದಾರಿಯಲ್ಲಿ ಡಾಕ್ಟರಿಗೆ ತೋರಿಸಿದ್ದರು, ಆರೂ ಮಂಚದವರಿಗೆ ತೋರಿಸಿದ್ದರು, ಬಾಗಿಲು ಕಾಯುವವನನ್ನೂ ಬಿಟ್ಟಿರಲಿಲ್ಲ. ಅದಕ್ಕೇ ಗುರುಮಲ್ಲಪ್ಪನವರು ಹಾಗೆ ತಲೆ ತಗ್ಗಿಸಿದ್ದು.

ಚಂದ್ರಕಲಾ ಒಂದು ಟ್ಯೂಬಿಗೆ ಬೇಕಾದಷ್ಟು ಸುರಿದು, ನನ್ನೊಳಗಿಟ್ಟು, ಎದುರಿಗೆ ಅಷ್ಟೇ ತೂಕದ ನೀರಿನ ಟ್ಯೂಬು ಕೂರಿಸಿ, ನಿಧಾನದ ವೇಗಕ್ಕೆ ಗುಂಡಿ ತಿರುಗಿಸಿದಳು. ಐದು ನಿಮಿಷ ಸುತ್ತಿದೆ. ನನ್ನ ಕೊನೆಯ ಸುತ್ತು ಅದೇ, ಮರುದಿನ ಹೊಸ ಯಂತ್ರ ಸರಿಯಾಯಿತು, ನಾನು ಮತ್ತೆ ಹಿಂದಿನ ಕೋಣೆ ಸೇರಿದೆ. ಈಗ ಯಾರೂ ಕರೆಯುವುದಿಲ್ಲ, ಕರೆಯಲಿ ಅಂತ ನಾನೂ ಕಾಯುವುದಿಲ್ಲ. ಸಾವಿರಾರು ಜನರ ರಕ್ತ ಸುತ್ತಿದ್ದೇನೆ, ಅವರಲ್ಲಿ ಎಷ್ಟೋ ಮಂದಿ ಏನಾದರೋ ತಿಳಿಯಲೇ ಇಲ್ಲ. ಒಬ್ಬರದಾದರೂ ಕೊನೆ ತನಕ ತಿಳಿಯಿತಲ್ಲ, ನನ್ನಂಥ ಸಣ್ಣ ಯಂತ್ರಕ್ಕೆ ಅದು ದೊಡ್ಡ ಸಂತೋಷ. ಆವತ್ತು ನಾನು ಸುತ್ತುತ್ತಿದ್ದಾಗ ಚಂದ್ರಕಲಾ, ಇಷ್ಟೊಂದು ಯಾಕೆ ತಂದಿರಿ, ನಾಲ್ಕು ಚಮಚ ಇದ್ದಿದ್ದರೆ ಸಾಕಿತ್ತು ಅಂದಳು. ದುಂಡಮ್ಮನವರು ಸೆರಗು ಸರಿಮಾಡಿಕೊಂಡು, ಬಿಸಿಯೂಟಕ್ಕೆ ಕೂತ ಮಕ್ಕಳಿಗೆ ಬಡಿಸುವ ದನಿಯಲ್ಲಿ ಹೇಳಿದರು:

"ಸಾಲ್ದಿದ್ರ ಹೇಳವ್ವ, ಇನ್ನೂ ತತ್ತಿನಿ."